ತಪ್ಪು ಹದಿನಾರರದ್ದಲ್ಲ

ಒಂದು ವಾದ್ಯಕ್ಕೆ ಒಂದು ಸ್ಟಾಫ್ (ಸ್ವರ ಬರೆಯುವ ಗೆರೆಸಾಲು), ಒಂದು ಟ್ರ್ಯಾಕ್, ಒಂದು ಚಾನೆಲ್: ಸ್ವರಲಿಪಿ ತಂತ್ರಾಂಶ ಬಳಸುವವರಲ್ಲಿ ಬೇರೂರಿದ ಲೆಕ್ಕ ಇದು. ತಂತ್ರಾಂಶ ಇದನ್ನು ಮೀರಿದರೆ ದುಂದು ಎನ್ನುತ್ತಾರೆ. ವಾದ್ಯಗಳಿಗೆ ನುಡಿಸುವ ಆದೇಶ ಸಾಗಿಸುವ ಮಿಡಿ (MIDI) ಫೈಲ್ ಕೆಟ್ಟು ಕೇಳಿಸಿದರೆ 16 ಚಾನೆಲ್‌ಗಳ ಮಿತಿಯ ಮೇಲೆ ಗೂಬೆ ಕೂರಿಸುತ್ತಾರೆ. ಎರಡೂ ಸರಿಯಲ್ಲ.

ಟ್ರ್ಯಾಕ್ ಎಂಬುದು ಫೈಲಿನೊಳಗಿನ ವಿಂಗಡಣೆ ಮಾತ್ರ. ಎಲ್ಲ ಚಾನೆಲ್‌ಗಳನ್ನೂ ಒಂದೇ ಟ್ರ್ಯಾಕಿಗೆ ತುಂಬಬಹುದು, ಹತ್ತಾರು ಟ್ರ್ಯಾಕುಗಳಿಗೆ ಹಂಚಲೂಬಹುದು. ಚಾನೆಲ್ ಹಾಗಲ್ಲ, ಯಾವ ದನಿಯಲ್ಲಿ ನುಡಿಸಬೇಕು, ಸ್ವರವನ್ನು ಎಷ್ಟು ಬಾಗಿಸಬೇಕು ಎಂಬ ಆದೇಶಗಳು ಇಡೀ ಚಾನೆಲ್ಲಿಗೆ ಅನ್ವಯಿಸುತ್ತವೆ. 1983ರ ಮಿಡಿಯಲ್ಲಿ ಚಾನೆಲ್ ಸಂಖ್ಯೆಗೆ ಸಿಕ್ಕಿದ್ದು 4 ಬಿಟ್, ಹಾಗಾಗಿ 16.

ಸ್ವರಲಿಪಿ ತಂತ್ರಾಂಶ ಮ್ಯೂಸ್‌ಸ್ಕೋರ್ 3 ಒಂದು ಪಿಟೀಲಿಗೆ ಮೂರು ಚಾನೆಲ್ ಕೊಡುತ್ತದೆ: ಕಮಾನಿನ ನಾದಕ್ಕೊಂದು, ಬೆರಳಿನಿಂದ ಮೀಟುವ ಪಿಜಿಕಾಟೊಗೊಂದು, ನಡುಗುವ ನಾದದ ಟ್ರೆಮೊಲೊಗೊಂದು. ಇದು ದುಂದಲ್ಲ. ಒಂದೇ ಸ್ಟಾಫಿನಲ್ಲಿ ಅರ್ಧ ಜನ ಕಮಾನು ಎಳೆಯುತ್ತ, ಉಳಿದವರು ತಂತಿ ಮೀಟುವ ಸಂದರ್ಭ ಬಂದರೆ ಒಂದು ಚಾನೆಲ್ ಸಾಲುವುದಿಲ್ಲ. ನಮ್ಮ ಗಮಕಕ್ಕೂ ಇದೇ ಮಾತು: ವೀಣೆಯೂ ತಂಬೂರಿಯೂ ಒಂದೇ ಚಾನೆಲ್ಲಿನಲ್ಲಿದ್ದರೆ ವೀಣೆಯ ಸ್ವರ ಬಾಗಿದಾಗ ಶ್ರುತಿಯೂ ಬಾಗುತ್ತದೆ.

ಎಡವಟ್ಟು ಆಗುವುದು ಫೈಲ್ ಹೊರಗೆ ಕಳಿಸುವಾಗ. ಐದು ತಂತಿವಾದ್ಯಗಳಿಗೆ ಮೂರರಂತೆ 15 ಚಾನೆಲ್ ಬೇಕು. 1991ರ ಜನರಲ್ ಮಿಡಿ 10ನೆಯದನ್ನು ತಾಳವಾದ್ಯಕ್ಕೆ ಮೀಸಲಿಟ್ಟಿರುವುದರಿಂದ ಉಳಿದಿರುವುದೂ 15. ಮೇಲಿನ ಸಾಲಿನಲ್ಲಿ ಒಂದು ಫ್ಲೂಟ್ ಸೇರಿಸಿ, ಸಾಲಿನ ಕ್ರಮದಲ್ಲೇ ಹಂಚಿದರೆ ಕೊನೆಯ ಡಬಲ್ ಬಾಸ್‌ನ ಟ್ರೆಮೊಲೊ ಎರಡನೇ ಪೋರ್ಟಿನ, ಅಂದರೆ 16 ಚಾನೆಲ್‌ಗಳ ಇನ್ನೊಂದು ಕಂತೆಯ, 1ನೇ ಚಾನೆಲ್ಲಿಗೆ ಹೋಗುತ್ತದೆ. ಪೋರ್ಟ್ ಸೂಚನೆಯನ್ನು ಲೆಕ್ಕಿಸದ ಪ್ಲೇಯರಿಗೆ ಅದೂ ಫ್ಲೂಟಿನದೂ ಒಂದೇ ಚಾನೆಲ್. ಕೊನೆಗೆ ಬಂದ ಆದೇಶವೇ ಗೆಲ್ಲುತ್ತದೆ. ಫ್ಲೂಟಿನ ರಾಗ ತಂತಿಯ ನಡುಕದಲ್ಲಿ ಕೇಳಿಸುತ್ತದೆ. ಡಬಲ್ ಬಾಸ್‌ಗೆ ಸಂಯೋಜಕ ಒಂದೇ ಒಂದು ಟ್ರೆಮೊಲೊ ಬರೆಯದಿದ್ದರೂ ಸರಿ!

ದೋಷ ಇರುವುದು ಇಲ್ಲಿ: ಬಳಸದ ದನಿಗೂ ಜಾಗ ಹಿಡಿಯುವುದು, ಜಾಗ ತುಂಬಿದಾಗ ಸದ್ದಿಲ್ಲದೆ ಮುಂದಿನ ಪೋರ್ಟಿಗೆ ದಾಟುವುದು. ಬಳಕೆದಾರರಿಗೆ ಗೊಂದಲವಾಗಬಾರದೆಂದು ಇದನ್ನೆಲ್ಲ ಮರೆಮಾಡುತ್ತೇವೆ ಎಂದು ತಂತ್ರಾಂಶದವರು ಸಮರ್ಥಿಸಿಕೊಳ್ಳಬಹುದು. ಆದರೆ ಮರೆಮಾಡಿದ ಗೊಂದಲ ಕೊನೆಗೆ ಕಿವಿಗೆ ಬಿದ್ದೇ ಬೀಳುತ್ತದೆ. 2020ರ ಮಿಡಿ 2.0 ಹದಿನಾರು ಗುಂಪುಗಳಲ್ಲಿ 256 ಚಾನೆಲ್ ಕೊಟ್ಟಿದೆ. ಹಂಚಿಕೆ ಹೀಗೇ ಗುಟ್ಟಾಗಿ ನಡೆದರೆ ಆ ಸಂಖ್ಯೆಯಿಂದಲೂ ಹೆಚ್ಚೇನೂ ಸುಧಾರಿಸದು.

ಬೇಕಿರುವುದು ದೊಡ್ಡ ಸುಧಾರಣೆಯೇನಲ್ಲ. ಫೈಲ್ ಉಳಿಸುವ ಮುನ್ನ ಯಾವ ಸ್ಟಾಫ್ ಯಾವ ಪೋರ್ಟ್, ಯಾವ ಚಾನೆಲ್ ಎಂಬ ಪಟ್ಟಿ ತೋರಿಸಲಿ, ಬಳಸದವನ್ನು ಕೈಬಿಡಲಿ, ಒಂದೇ ಪೋರ್ಟಿನಲ್ಲಿ ಹಿಡಿಸದಿದ್ದರೆ ಎಚ್ಚರಿಸಲಿ. ಅಲ್ಲಿಯವರೆಗೆ ಫೈಲ್ ಕೆಟ್ಟ ಹೊಣೆಯನ್ನು ತಂತ್ರಾಂಶವೇ ಹೊರಬೇಕು, 1983ರ ಮಿಡಿಯಲ್ಲ.