ಬಾರ್ಡ್ ಕೈಗೆ ಕತ್ತಿ ಕೊಟ್ಟವರ್ಯಾರು?

ಬಾಲ್ಡರ್ಸ್ ಗೇಟ್ 3ರಲ್ಲಿ ಬಾರ್ಡ್ ಆಗೋದು ಬಹಳ ಸುಲಭ. ಕ್ಯಾರೆಕ್ಟರ್ ಮಾಡುವಾಗ ಒಂದು ಕ್ಲಿಕ್; ಕೈಗೊಂದು ವಾದ್ಯ, ಸೊಂಟಕ್ಕೊಂದು ಕತ್ತಿ, ಮುಗೀತು.

1978ರಲ್ಲಿ ಹೀಗಿರಲಿಲ್ಲ. ಈ ಆಟಕ್ಕೆ ಮೂಲವಾದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ ಅಡ್ವಾನ್ಸ್ಡ್ ಆವೃತ್ತಿಗೆ ಆ ವರ್ಷ ಬಂದ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಗ್ಯಾರಿ ಗೈಗ್ಯಾಕ್ಸ್ ಬಾರ್ಡನ್ನು ಒಂದು ಅನುಬಂಧಕ್ಕೆ ತಳ್ಳಿದ್ದರು. ಮೊದಲು ಫೈಟರ್ ಆಗಿ ಕನಿಷ್ಠ ಐದು ಲೆವೆಲ್, ಆಮೇಲೆ ಕಳ್ಳನಾಗಿ ಮತ್ತೆ ಐದು, ಅದಾದ ಮೇಲೆ ಡ್ರೂಯಿಡ್‌ಗಳ ಹತ್ತಿರ ಪಾಠ. ಆಗಷ್ಟೇ ಹಾಡು. (ಅಷ್ಟು ಹೊತ್ತಿಗೆ ಆಡೋ ಗ್ಯಾಂಗೇ ಚದುರಿ ಹೋಗಿರುತ್ತೆ ಬಿಡಿ.)

ಕತ್ತಿ ಮೊದಲು, ಹಾಡು ಆಮೇಲೆ ಅನ್ನೋ ಈ ಕ್ರಮ ಬಂದದ್ದು ಒಂದು ಕಲಬೆರಕೆಯಿಂದ. 1976ರ ಫೆಬ್ರವರಿಯಲ್ಲಿ ದ ಸ್ಟ್ರ್ಯಾಟೆಜಿಕ್ ರಿವ್ಯೂ ಪತ್ರಿಕೆಯಲ್ಲಿ ಡಗ್ ಶ್ವೆಗ್‌ಮನ್ ಬಾರ್ಡನ್ನು ಮೊದಲು ಪರಿಚಯಿಸಿದಾಗ ಮೂರು ಜನರನ್ನು ಒಂದೇ ಪಾತ್ರಕ್ಕೆ ಹಾಕಿದ್ದರು: ನಾರ್ಸ್ ಸ್ಕಾಲ್ಡ್, ಕೆಲ್ಟಿಕ್ ಬಾರ್ಡ್, ದಕ್ಷಿಣ ಯುರೋಪಿನ ಮಿನ್‌ಸ್ಟ್ರೆಲ್. ಇವರಲ್ಲಿ ನಿಜವಾಗಿ ಯುದ್ಧ ಮಾಡುತ್ತಿದ್ದ ಕವಿ ಅಂದ್ರೆ ಸ್ಕಾಲ್ಡ್. ಐಸ್‌ಲ್ಯಾಂಡಿನ ಎಗಿಲ್ ಸ್ಕಲ್ಲಗ್ರಿಮ್ಸನ್ ಲೆಕ್ಕವಿಲ್ಲದಷ್ಟು ಜನರನ್ನು ಕೊಂದವನು. ಆದರೂ ಯಾರ್ಕ್‌ನಲ್ಲಿ ಶತ್ರು ರಾಜ ಎರಿಕ್‌ನ ಕೈಗೆ ಸಿಕ್ಕಾಗ, ಸಾಗಾ ಹೇಳುವ ಪ್ರಕಾರ, ಅವನ ತಲೆ ಉಳಿಸಿದ್ದು ಕೊಡಲಿಯಲ್ಲ, ಒಂದೇ ರಾತ್ರಿಯಲ್ಲಿ ಕಟ್ಟಿದ ಹೊಗಳಿಕೆಯ ಪದ್ಯ.

ಐರ್ಲೆಂಡಿನ ಕವಿಗಳ ಕಥೆಯೇ ಬೇರೆ. ಅವರಿಗೆ ಕತ್ತಿ ಬೇಕೇ ಇರಲಿಲ್ಲ. ಏಳು ದರ್ಜೆಗಳ ಶ್ರೇಣಿ, ವರ್ಷಗಟ್ಟಲೆ ಕಂಠಪಾಠ, ಮೇಲಿನ ತುದಿಯಲ್ಲಿ ಓಲಾವ್. ಗೈಗ್ಯಾಕ್ಸ್ ಈ ದರ್ಜೆಗಳ ಹೆಸರುಗಳನ್ನೇ ಎತ್ತಿಕೊಂಡು ತಮ್ಮ ಬಾರ್ಡ್ ಕಾಲೇಜುಗಳಿಗೆ ಇಟ್ಟರು. ಬೋರ್ಡು ಬಂತು, ಸಿಲಬಸ್ ಬರಲಿಲ್ಲ. ಅಲ್ಲಿನ ಪುರಾಣದಲ್ಲಿ ಕೈರ್ಬ್ರೆ ಅನ್ನೋ ಕವಿ ರಾಜ ಬ್ರೆಸ್‌ನ ಮನೆಗೆ ಬರುತ್ತಾನೆ. ಇರೋಕೆ ಬೆಂಕಿಯೂ ಇಲ್ಲದ, ಹಾಸಿಗೆಯೂ ಇಲ್ಲದ ಕತ್ತಲೆ ಗೂಡು, ತಿನ್ನೋಕೆ ಮೂರು ಒಣ ರೊಟ್ಟಿ. ಬೆಳಗ್ಗೆ ಎದ್ದು ಒಂದು ಮೂದಲಿಕೆ ಪದ್ಯ ಹೇಳಿ ಹೊರಟ. ಅಲ್ಲಿಂದ ಬ್ರೆಸ್‌ಗೆ ಏಳಿಗೆ ಅನ್ನೋದೇ ಇಲ್ಲ, ಕೊನೆಗೆ ಸಿಂಹಾಸನವೂ ಹೋಯಿತು.

ನನ್ನ ತಕರಾರು ಇಷ್ಟೇ: ಎರಡೂ ಕಡೆ ಕೆಲಸ ಮಾಡಿದ್ದು ಮಾತು. ಆಟ ಕಟ್ಟಿದವರಿಗೆ ಆ ಮಾತಿನ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲ, ಹಾಗಾಗಿ ಕೈಗೆ ಕತ್ತಿ ಕೊಟ್ಟು ಹಾಡನ್ನು ಜೊತೆಯವರಿಗೆ ಸಿಗುವ ಬೋನಸ್ ಮಾಡಿದರು. ಎರಡನೇ ಆವೃತ್ತಿಯಲ್ಲಿ ಬಾರ್ಡ್ ಕಳ್ಳರ ಗುಂಪಿಗೆ ಸೇರಿದ. ಇವತ್ತು ಅವನು ಹೆಚ್ಚಾಗಿ ಮೀಮ್ ವಸ್ತು.

ಆದರೆ ಐರಿಷ್ ವಾಸನೆ ಒಂದು ಕಡೆ ಉಳಿದಿದೆ. 'ವಿಷಸ್ ಮಾಕರಿ' ಅನ್ನೋ ಮಂತ್ರ ನೋಡಿ. ಬಾರ್ಡ್ ಬೈಯುತ್ತಾನೆ, ಎದುರಾಳಿಗೆ ಪೆಟ್ಟು. ಬಾಲ್ಡರ್ಸ್ ಗೇಟ್ 3ರಲ್ಲಿ ಮೊದಲ ಲೆವೆಲ್‌ಗೆ ಒಂದೇ ಒಂದು ನಾಲ್ಕು ಮುಖದ ದಾಳ, ನಗು ಬರುವಷ್ಟು ಚಿಲ್ಲರೆ ಪೆಟ್ಟು. ನಾನು ಅದನ್ನು ಬಳಸೋದು ಪೆಟ್ಟಿಗಲ್ಲ. ಬೈಸಿಕೊಂಡವನಿಗೆ ಮುಂದಿನ ಏಟು ಸರಿಯಾಗಿ ಹಾಕೋಕೆ ಆಗಲ್ಲ, ಕೈ ತಪ್ಪುತ್ತೆ. ಬ್ರೆಸ್‌ಗಾದದ್ದೂ ಹೆಚ್ಚುಕಮ್ಮಿ ಇದೇ.