ಬುದ್ಧಿಪರೀಕ್ಷೆಯ ಅಂಕವೂ ಅದರ ಉಪಾಧಿಯೂ

ಮೆದುಳಿಗೆ ರೋಗ ತಗುಲಿದವರ ಬುದ್ಧಿಶಕ್ತಿಯನ್ನು ಪ್ರಶ್ನೆಗಳಿಂದ ಅಳೆದು ಅಂಕದಲ್ಲಿ ಹೇಳುವ ಪದ್ಧತಿಯು ವೈದ್ಯರಲ್ಲಿ ರೂಢಮೂಲವಾಗಿದೆ. 1975ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ದಂಪತಿಗಳು ಮೆಕ್‌ಹ್ಯೂ ಎಂಬವರೊಡನೆ ಪ್ರಕಟಿಸಿದ ಕಿರುಪರೀಕ್ಷೆಯು ಇವುಗಳಲ್ಲಿ ಬಹು ಪ್ರಸಿದ್ಧವಾದುದು. ಅದರಲ್ಲಿ ರೋಗಿಯನ್ನು ದಿನವಾವುದು, ಊರಾವುದು ಎಂದು ಕೇಳುವರು. ಮೂರು ಪದಗಳನ್ನು ಹೇಳಿ ಸ್ವಲ್ಪ ಹೊತ್ತಿನ ಬಳಿಕ ಅವನ್ನೇ ಕೇಳುವರು. ನೂರರಿಂದ ಏಳೇಳನ್ನು ಕಳೆಯುತ್ತ ಹೋಗೆನ್ನುವರು. ಒಟ್ಟು ಅಂಕಗಳು 30. 24ರಿಂದ ಕೆಳಗಿಳಿದರೆ ಬುದ್ಧಿಹಾನಿಯನ್ನು ಶಂಕಿಸುವುದು ವಾಡಿಕೆ. ಪರೀಕ್ಷೆಯ ಕಾಗದದಲ್ಲಿ ಕಾಣುವುದು ಅಂಕವೊಂದೇ. ಬುದ್ಧಿಹಾನಿಯು ಅದರಿಂದ ಊಹಿಸಲ್ಪಡುವುದು. ಆದಕಾರಣ ಇದು ಪ್ರತ್ಯಕ್ಷವಲ್ಲ, ಅನುಮಾನ. ಅನುಮಾನವಾದ ಮೇಲೆ ಹೇತುವಿನ ಶುದ್ಧಿಯನ್ನು ವಿಚಾರಿಸುವುದು ಯುಕ್ತವೇ ಸರಿ.

ತರ್ಕಗ್ರಂಥಗಳಲ್ಲಿ ಬಾಲಪಾಠವಾಗಿರುವ ದೃಷ್ಟಾಂತವೊಂದುಂಟು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯೇಳಬೇಕಾದರೆ ಹಸಿ ಸೌದೆಯ ಸಂಬಂಧವೂ ಬೇಕು, ಅದೇ ಉಪಾಧಿ. ಅಂಕದ ವಿಷಯವೂ ಹಾಗೆಯೇ. ಬುದ್ಧಿ ಕುಂದಿದವನಿಗೆ ಪ್ರಾಯಿಕವಾಗಿ ಅಂಕವು ಕಡಮೆಯಾಗುವುದು ದಿಟ. ಆದರೆ ಅಂಕ ಕಡಮೆಯಾದವರಿಗೆಲ್ಲ ಬುದ್ಧಿ ಕುಂದಿದೆಯೆನ್ನಲು ಬಾರದು. ಮನಸ್ಸು ಖಿನ್ನವಾದಾಗ, ನೋವು ಕಾಡುವಾಗ, ದಣಿವು ಕವಿದಾಗ ಸ್ವಸ್ಥಬುದ್ಧಿಯವನ ಅಂಕವೂ ಇಳಿಯಬಹುದು. ಇವು ಕಳೆದ ಮೇಲೆಯೂ ಅಂಕವು ಇಳಿದೇ ಇರುವುದೆಂಬುದು ಇಲ್ಲಿಯ ಹಸಿ ಸೌದೆ. ಅದನ್ನು ನೋಡದೆ ಕಟ್ಟಿದ ಅನುಮಾನವು ಸವ್ಯಭಿಚಾರವಾಗುವುದು.

ಇದು ಬರಿಯ ಶುಷ್ಕತರ್ಕವಲ್ಲ. 1961ರಲ್ಲಿ ಕಿಲೋ ಎಂಬ ಮನೋವೈದ್ಯರು ‘ಮಿಥ್ಯಾ ಬುದ್ಧಿಕ್ಷಯ’ವೆಂಬರ್ಥದ ಹೆಸರಿಟ್ಟು ಬರೆದ ಲೇಖನದಲ್ಲಿ, ಮರೆಗುಳಿರೋಗದವರಂತೆ ತೋರಿ, ಖಿನ್ನತೆ ಮುಂತಾದ ಮನೋವ್ಯಾಧಿಗಳು ಶಮನವಾದ ಬಳಿಕ ಚೇತರಿಸಿಕೊಂಡವರನ್ನು ವರ್ಣಿಸಿದರು. ಅಂಥವನೊಬ್ಬನ ಚೀಟಿಯಲ್ಲಿ ವಾಸಿಯಾಗದ ರೋಗದ ಹೆಸರನ್ನು ಬರೆದರೆ, ಗುಣಹೊಂದಬಹುದಾಗಿದ್ದವನನ್ನು ಮನೆಯ ಮೂಲೆಗೆ ನೂಕಿದಂತಾಗುವುದು. ಖಿನ್ನನು “ಗೊತ್ತಿಲ್ಲ” ಎಂದು ಕೈಬಿಡುವನು, ಬುದ್ಧಿಕ್ಷಯವುಳ್ಳವನು ತಪ್ಪಾದರೂ ಉತ್ತರ ಹೇಳಲೆಳಸುವನು ಎಂದು 1979ರಲ್ಲಿ ವೆಲ್ಸ್ ಎಂಬವರು ಭೇದವನ್ನು ತೋರಿಸಿದರು. ಲಕ್ಷಣವು ಸೊಗಸಾಗಿದೆ, ಆದರೆ ಎಲ್ಲ ಕಡೆಯೂ ನಿಲ್ಲುವುದಿಲ್ಲ. ಅಲ್ಲದೆ ಮಿಥ್ಯೆಯೆಂದು ನಿರ್ಣಯಿಸಲ್ಪಟ್ಟವರಲ್ಲಿ ಕೆಲವರಿಗೆ ಮುಂದೆ ನಿಜವಾದ ಬುದ್ಧಿಕ್ಷಯವೇ ಬಂದುದೂ ಉಂಟು.

ನೋವಿನ ವಿಚಾರವು ನೈಯಾಯಿಕರಿಗೆ ಹೊಸದಾಗಿ ತೋರದು. ಎರಡು ಜ್ಞಾನಗಳು ಏಕಕಾಲದಲ್ಲಿ ಹುಟ್ಟವೆಂಬುದನ್ನೇ ಗೌತಮನು ಮನಸ್ಸಿನ ಇರವಿಗೆ ಗುರುತಾಗಿ ಹೇಳಿರುವನು. ಮನಸ್ಸು ಕಾಲಿನ ಉರಿಯಲ್ಲಿ ನೆಟ್ಟಿದ್ದರೆ ಕಿವಿಗೆ ಬಿದ್ದ ಪದವು ನೆನಪಿಗೆ ಸೇರುವುದೆಂತು? 1999ರಲ್ಲಿ ಎಕ್ಲೆಸ್ಟನ್, ಕ್ರೊಂಬೆಜ್ ಎಂಬವರು ನೋವು ಅವಧಾನವನ್ನು ಬಲಾತ್ಕಾರವಾಗಿ ಸೆಳೆದುಕೊಳ್ಳುವುದೆಂದು ಪ್ರಯೋಗಗಳ ಆಧಾರದಿಂದ ಪ್ರತಿಪಾದಿಸಿರುವರು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ರೋಗಿಯ ಸತ್ತ್ವವನ್ನು ಪ್ರವರ, ಮಧ್ಯಮ, ಅವರವೆಂದು ಮೂರು ಬಗೆಯಾಗಿ ಪರೀಕ್ಷಿಸಬೇಕೆಂದು ವಿಧಿಯಿದೆ. ಅವರಸತ್ತ್ವದವರು ಮೈಕಟ್ಟಿನಲ್ಲಿ ದೊಡ್ಡವರಾದರೂ ಸ್ವಲ್ಪ ನೋವನ್ನೂ ತಾಳಲಾರರೆಂಬ ಸೂಕ್ಷ್ಮವೂ ಅಲ್ಲಿದೆ. ಇಷ್ಟರಿಂದಲೇ ಇಂದಿನ ನರವೈದ್ಯವೆಲ್ಲವೂ ಪ್ರಾಚೀನರಿಗೆ ತಿಳಿದಿದ್ದಿತೆಂದು ಉಬ್ಬುವುದು ಪಾಂಡಿತ್ಯವಲ್ಲ. ನೋವಿನ ಅಳತೆಗಿಂತ ಮೊದಲು ನೋಯುವವನ ಅಳತೆಯನ್ನು ನೋಡಿದರೆಂಬಷ್ಟೇ ಅಲ್ಲಿ ಗ್ರಾಹ್ಯವಾದುದು.

ಈ ವಿಷಯದಲ್ಲಿ ಅತ್ಯಂತ ಮನನೀಯವಾದ ಮಾತುಗಳು ಜರ್ಮನಿಯ ಕುರ್ಟ್ ಗೋಲ್ಡ್‌ಸ್ಟೈನರವು. ಮೊದಲನೆಯ ಮಹಾಯುದ್ಧದಲ್ಲಿ ತಲೆಗೆ ಗಾಯಗೊಂಡ ಸೈನಿಕರನ್ನು ಅವರು ಫ್ರಾಂಕ್‌ಫರ್ಟಿನಲ್ಲಿ ದೀರ್ಘಕಾಲ ನೋಡಿದರು. ನಾತ್ಸಿಗಳ ದೆಸೆಯಿಂದ ದೇಶ ಬಿಟ್ಟ ಮೇಲೆ 1934ರಲ್ಲಿ ಆ ಅನುಭವವನ್ನು ಗ್ರಂಥರೂಪಕ್ಕೆ ತಂದರು. ಸುಲಭವಾದ ಲೆಕ್ಕವೊಂದನ್ನು ಮಾಡಲಾರದಾದಾಗ ರೋಗಿಯ ಮುಖವು ಬದಲಾಗುವುದು, ಕಳವಳವು ಮೈಯನ್ನೆಲ್ಲ ಹಿಡಿಯುವುದು. ಆ ಬಳಿಕ ಸ್ವಲ್ಪ ಕಾಲ, ಮೊದಲು ಬರುತ್ತಿದ್ದ ಕೆಲಸವೂ ಬಾರದಾಗುವುದು. ಈ ಕಳವಳವು ಸೋಲನ್ನು ಅರಿತು ಆಮೇಲೆ ಹುಟ್ಟಿದ ದುಃಖವಲ್ಲ, ಸೋಲಿನೊಡನೆಯೇ ಹುಟ್ಟಿದುದೆಂದು ಅವರ ಮತ. ಇದನ್ನು ಒಪ್ಪಿದರೆ ಒಂದು ಪ್ರಶ್ನೆಯ ಸೋಲು ಮುಂದಿನ ಪ್ರಶ್ನೆಯ ಉತ್ತರವನ್ನು ಕೆಡಿಸುವುದು. ಬಿಡಿಬಿಡಿಯಾಗಿ ಎಣಿಸಿ ಕೂಡಿದ ಅಂಕವು ಬಿಡಿ ಶಕ್ತಿಗಳ ಮೊತ್ತವಾಗದು. ಮೆದುಳಿನ ಆಘಾತದಲ್ಲಿ ಗ್ರಾನ್‌ವಾಲ್ ಎಂಬ ವಿದುಷಿಯು ಬಳಕೆಗೆ ತಂದ ಶ್ರವಣಸಂಕಲನ ಪರೀಕ್ಷೆಯು ಇದಕ್ಕೆ ಒಳ್ಳೆಯ ನಿದರ್ಶನ. ಅದರ ರೂಢವಾದ ರೂಪದಲ್ಲಿ ಮೂರು ಸೆಕೆಂಡಿಗೊಂದರಂತೆ 61 ಅಂಕಿಗಳನ್ನು ಕೇಳಿಸುವರು. ಪ್ರತಿಯೊಂದನ್ನೂ ಅದರ ಹಿಂದಿನದಕ್ಕೆ ಕೂಡಿ ಹೇಳಬೇಕು. ಒಂದು ತಪ್ಪಿದರೆ ಮುಂದಿನದು ಬಂದೇಬಿಟ್ಟಿರುವುದು. ಆರೋಗ್ಯವಂತರೂ ಇದರಿಂದ ಉದ್ವಿಗ್ನರಾಗುವರೆಂಬುದು ಪ್ರಸಿದ್ಧ. ಅವಧಾನವನ್ನು ಅಳೆಯಹೊರಟ ಕೋಲು ಅವಧಾನವನ್ನೇ ಕದಡಿದರೆ ಅಳೆದದ್ದು ಯಾವುದನ್ನು?

ಹಾಗಾದರೆ ಖಿನ್ನತೆ ಕಳೆದ ಮೇಲೆ, ದಣಿವಾರಿದ ಮೇಲೆ ಪರೀಕ್ಷಿಸಿದರಾಯಿತೆಂದು ಪೂರ್ವಪಕ್ಷವು ಬರಬಹುದು. ಪಾರ್ಶ್ವವಾಯುವಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆಯು ತೋರುವುದು. ನರಗಳ ಹೊದಿಕೆಯನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ದಣಿವೇ ಬಹುಮಂದಿಯ ಮುಖ್ಯ ಬಾಧೆ. ಇಲ್ಲಿ ಉಪಾಧಿಯು ಹೊರಗಿನಿಂದ ಬಂದ ಸೌದೆಯಲ್ಲ, ರೋಗದ ಅಂಗವೇ. ಬೆಳಗಿನ ತಂಪಿನಲ್ಲಿ, ನಿಶ್ಶಬ್ದವಾದ ಕೋಣೆಯಲ್ಲಿ ಒಳ್ಳೆಯ ಅಂಕ ಪಡೆದ ಗುಮಾಸ್ತನು ಮಧ್ಯಾಹ್ನದ ಕಛೇರಿಯಲ್ಲಿ ತಬ್ಬಿಬ್ಬಾಗುವನು. ಅವನಿಗೆ “ನಿನಗೇನೂ ಆಗಿಲ್ಲ” ಎಂದು ಹೇಳುವುದು ಮತ್ತೊಂದು ಅನ್ಯಾಯ. ಆದಕಾರಣ ಯಾವ ಪ್ರಶ್ನೆಗೆ ಉತ್ತರ ಬೇಕೆಂಬುದನ್ನು ಮೊದಲು ಗೊತ್ತುಮಾಡಬೇಕು. ಮೆದುಳಿನ ಹಾನಿಯೆಷ್ಟೆಂದು ತಿಳಿಯಬೇಕಾದಲ್ಲಿ ದಣಿವನ್ನು ಸಾಧ್ಯವಾದಷ್ಟು ತೊಲಗಿಸಬೇಕು. ಬದುಕು ಹೇಗೆ ಸಾಗುವುದೆಂದು ತಿಳಿಯಬೇಕಾದಲ್ಲಿ ಅದನ್ನು ಉಳಿಸಿಕೊಂಡೇ ನೋಡಬೇಕು.

ರೋಗಿಯ ಮಾತನ್ನೇ ಆಪ್ತವಾಕ್ಯವೆಂದು ಹಿಡಿದರೂ ತೊಡಕು ಪೂರ್ತಿ ಬಿಡದು. ಈ ರೋಗದಲ್ಲಿ ಮರೆವಿನ ದೂರು ಪರೀಕ್ಷೆಯ ಅಂಕಕ್ಕಿಂತ ಖಿನ್ನತೆಯೊಡನೆ ಹೆಚ್ಚಾಗಿ ಹೊಂದುವುದೆಂದು ಕಂಡಿದೆ. ದಣಿದೆನೆನ್ನುವವನ ಅಂಕವೇ ಇಳಿಯುವುದೆಂಬ ನಿಯಮವೂ ಇಲ್ಲ. ಅದುದರಿಂದ ಕಡಮೆ ಅಂಕವನ್ನೆಲ್ಲ “ಮನಸ್ಸಿನ ಬೇಸರ” ಎಂದು ತಳ್ಳಿಹಾಕುವುದೂ ಹೇತ್ವಾಭಾಸವೇ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2004ರಲ್ಲಿ ಹೊರತಂದ ಪರೀಕ್ಷಾಸಂಗ್ರಹದಲ್ಲಿ ವಯಸ್ಸು, ಲಿಂಗ, ವಿದ್ಯಾಭ್ಯಾಸಗಳಿಗೆ ತಕ್ಕಂತೆ ಪ್ರಮಾಣಾಂಕಗಳನ್ನು ಬೇರ್ಪಡಿಸಿರುವುದು ನಮ್ಮ ದೇಶಕ್ಕೆ ದೊಡ್ಡ ಉಪಕಾರ. ಓದುಬರಹ ಬಾರದವರನ್ನು ಪದವೀಧರರೊಡನೆ ತೂಗುವ ತಪ್ಪು ಅದರಿಂದ ತಪ್ಪಿತು. ಹಿಂದಿನ ರಾತ್ರಿಯ ನಿದ್ರೆಗೆ ಮಾತ್ರ ಯಾವ ಕೋಷ್ಟಕದಲ್ಲಿಯೂ ಅಂಕಣವಿರಲಾರದು. ಪರೀಕ್ಷಕನೇ ಅದನ್ನು ಕೇಳಿ ಬರೆಯಬೇಕು. ಪಾರ್ಕಿನ್ಸನ್ ರೋಗಿಯು ಲೆವೊಡೋಪ ಸೇವಿಸಿ ಎಷ್ಟು ಹೊತ್ತಾಯಿತೆಂಬುದನ್ನೂ ಬರೆಯಬೇಕು. 2012ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆಂದು ಹಲವು ದೇಶಗಳ ತಜ್ಞರು ಸೂಚಿಸಿದ ಕಿರುಪರೀಕ್ಷೆಯು ಸುಮಾರು ಹದಿನೈದು ನಿಮಿಷದಲ್ಲಿ ಮುಗಿಯುವುದು. ರೋಗಿಯು ದಣಿಯುವ ಮೊದಲೇ ಅದು ಮುಗಿಯುವುದೆಂಬುದು ಅದರ ಗುಣ; ಆ ದಣಿವು ಅದರ ಕಣ್ಣಿಗೆ ಬೀಳದೆ ಹೋಗುವುದೂ ಅದೇ ಕಾರಣದಿಂದ.