ಸತ್ಯಚಿತ್ರವೂ ಮೈಸೂರಿನ ಜಂಬೂಸವಾರಿಯೂ

ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಚಿತ್ರಗಳು ಸತ್ಯ, ವೈಣಿಕ, ನಾಗರ, ಮಿಶ್ರ ಎಂದು ನಾಲ್ಕು ವಿಧವಾಗಿ ವಿಭಾಗಿಸಲ್ಪಟ್ಟಿವೆ. ಲೋಕಸಾದೃಶ್ಯವುಳ್ಳುದು ಸತ್ಯಚಿತ್ರ. ಮೈಸೂರು ಅರಮನೆಯ ಕಲ್ಯಾಣಮಂಟಪದ ಭಿತ್ತಿಗಳಲ್ಲಿರುವ ದಸರಾ ಮೆರವಣಿಗೆಯ 26 ಚಿತ್ರಗಳು ಈ ಜಾತಿಗೆ ಸೇರತಕ್ಕವು. 1934ರಿಂದ 1945ರವರೆಗೆ ವೈ. ನಾಗರಾಜು, ವೈ. ಸುಬ್ರಹ್ಮಣ್ಯರಾಜು, ಕೆ. ಕೇಶವಯ್ಯ ಮೊದಲಾದ ಕಲಾವಿದರು ಛಾಯಾಚಿತ್ರಗಳನ್ನು ಆಧಾರವಾಗಿಟ್ಟುಕೊಂಡು ಇವನ್ನು ರಚಿಸಿದರು.

ಛಾಯಾಚಿತ್ರವನ್ನು ಅನುಸರಿಸಿದುದು ಅನುಕೃತಿಯೇ ಹೊರತು ಕೃತಿಯಲ್ಲವೆಂಬ ಆಕ್ಷೇಪವುಂಟು. ಇದು ವಿಚಾರಿಸತಕ್ಕುದು. ಯಂತ್ರವು ಹಿಡಿಯುವುದು ಒಂದು ಕ್ಷಣವನ್ನು. ಮೆರವಣಿಗೆಯಾದರೋ ಕ್ಷಣಗಳ ಪರಂಪರೆ. ಕುದುರೆಯ ದಳ, ಕಾಲಾಳು, ಅಂಬಾರಿಯ ಆನೆ, ಬೀದಿಯ ಇಕ್ಕೆಲದ ಜನಸಂದಣಿ ಇವೆಲ್ಲವೂ ಇಲ್ಲಿ ಫಲಕದಿಂದ ಫಲಕಕ್ಕೆ ಹರಿದಿವೆ. ನೋಡುವವನು ಮಂಟಪವನ್ನು ಪ್ರದಕ್ಷಿಣೆ ಬಂದಂತೆಲ್ಲ ನಿಂತ ಚಿತ್ರವು ನಡೆಯತೊಡಗುತ್ತದೆ. ಈ ಗತಿಯು ಯೋಜನೆಯಿಂದ ಬಂದುದೇ ಹೊರತು ಯಂತ್ರದಿಂದ ಬಂದುದಲ್ಲ. ಕಾಮಸೂತ್ರದ ವ್ಯಾಖ್ಯಾನಕಾರನಾದ ಯಶೋಧರನು ಹೇಳುವ ಚಿತ್ರದ ಆರು ಅಂಗಗಳಲ್ಲಿ ಸಾದೃಶ್ಯವು ಒಂದು ಮಾತ್ರ. ಭಾವ, ಲಾವಣ್ಯಯೋಜನೆ, ವರ್ಣಿಕಾಭಂಗ ಇವುಗಳನ್ನು ಕುಂಚವೇ ಒದಗಿಸಬೇಕು.

ಇನ್ನೊಂದು ವಿಶೇಷ. ಅಂಬಾರಿಯಲ್ಲಿ ಮಂಡಿಸಿದ ನಾಲ್ವಡಿ ಕೃಷ್ಣರಾಜ ಒಡೆಯರು 1940ರಲ್ಲಿ, ಚಿತ್ರಣವಿನ್ನೂ ಮುಗಿಯುವ ಮುನ್ನವೇ, ದಿವಂಗತರಾದರು. ಉತ್ಸವದ ದಾಖಲೆಯಾಗಿ ಆರಂಭವಾದುದು ಸ್ಮರಣೆಯಾಗಿ ಮುಗಿಯಿತು. ಇಂದು ಅಂಬಾರಿಯಲ್ಲಿ ಬರುವುದು ಚಾಮುಂಡೇಶ್ವರಿಯ ಮೂರ್ತಿ. ಅರಸರ ಸವಾರಿಯು ಬೀದಿಯಲ್ಲಿಲ್ಲ, ಭಿತ್ತಿಯಲ್ಲಿದೆ.

ಗುಣವನ್ನು ಹೇಳಿದ ಮೇಲೆ ನ್ಯೂನತೆಯನ್ನೂ ಹೇಳಬೇಕು. ಇಲ್ಲಿ ಪುರಜನರು ಪ್ರೇಕ್ಷಕರಾಗಿ ಮಾತ್ರ ಬಂದಿದ್ದಾರೆ. ಅವರ ಮನೆ, ಕಸುಬು, ದಿನದ ದುಡಿಮೆ ಕಾಣವು. ಬದುಕು ಹಬ್ಬದ ದಿನಕ್ಕೆ ಮುಗಿಯುವುದಲ್ಲವಷ್ಟೆ. ಈ ಕೊರತೆಯನ್ನು ಅದೇ ಮೈಸೂರಿನಲ್ಲಿ ಬೇರೊಂದು ಬಗೆಯಿಂದ ತುಂಬಿದವರು ಚಿತ್ರದುರ್ಗ ಸೀಮೆಯ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ ಜನಿಸಿದ ಪಿ. ಆರ್. ತಿಪ್ಪೇಸ್ವಾಮಿಯವರು (1922–2000). ಜಲವರ್ಣದಲ್ಲಿ ಸಿದ್ಧಹಸ್ತರಾದ ಇವರು ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಹಳ್ಳಿಗರ ಬಾಳಿನ ಪದಾರ್ಥಗಳನ್ನು ಸಂಗ್ರಹಿಸಿದರು. ಬಳಸಿ ಸವೆದ ವಸ್ತುವಿನಲ್ಲಿಯೂ ರೂಪಭೇದವನ್ನು ಕಾಣುವುದು ಚಿತ್ರಕಾರನ ಕಣ್ಣೇ.

ಅರಮನೆಯ ಭಿತ್ತಿಯು ತೋರಿಸುವುದು ಉತ್ಸವದ ಸತ್ಯ, ಸಂಗ್ರಹಾಲಯವು ತೋರಿಸುವುದು ಬಾಳಿನ ಸತ್ಯ. ಎರಡನ್ನೂ ಕೂಡಿಸಿ ನೋಡಿದಲ್ಲದೆ ನಾಡಿನ ಚಿತ್ರವು ಪೂರ್ಣವಾಗದು. ಅಂಬಾರಿಯಲ್ಲಿ ಕುಳಿತವರ ಹೆಸರನ್ನು ಎಲ್ಲರೂ ಬಲ್ಲರು. ಆ ಅಂಬಾರಿಯನ್ನು ಬರೆದವರ ಹೆಸರನ್ನೂ ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ಅಧ್ಯಾಪಕರಿಗೆ ಉಚಿತವಾದ ಕರ್ತವ್ಯ.